ಮೂರು ಲ್ಯಾಪ್ ಸರಿಯಿದ್ದು ಆರನೆಯದರಲ್ಲಿ ಕುಸಿದರೆ ಅದು ವಯಸ್ಸಲ್ಲ

ಪ್ರಶ್ನೆ: ನನಗೆ 44 ವರ್ಷ, ಬೆಂಗಳೂರು. ಹದಿನೈದು ವರ್ಷ ಫಾರ್ಮುಲಾ ಕಾರು (ಹಿಂದಿನ ಚಕ್ರಕ್ಕೆ ಎಂಜಿನ್ ಬಲ ಹೋಗುವ, ಒಂದೇ ಸೀಟಿನ ರೇಸ್ ಕಾರು) ಓಡಿಸಿದವನು. ಈಗ ಒಂದು ತಂಡ ಫ್ರಂಟ್ ವೀಲ್ ಡ್ರೈವ್ ಟೂರಿಂಗ್ ಕಾರಿನಲ್ಲಿ (ಮಾಮೂಲಿ ಕಾರನ್ನೇ ರೇಸಿಗೆ ಸಜ್ಜುಗೊಳಿಸಿದ್ದು, ಎಂಜಿನ್ ಬಲ ಮುಂದಿನ ಚಕ್ರಕ್ಕೆ) ಸೀಟು ಕೊಡುತ್ತೇವೆ, ಅರ್ಧ ಖರ್ಚು ನಿಮ್ಮದು ಅನ್ನುತ್ತಿದೆ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿನಲ್ಲಿ ಟೆಸ್ಟ್ ಮಾಡಿದಾಗ ಮೊದಲ ಮೂರು ಲ್ಯಾಪ್ ತಂಡದ 22ರ ಹುಡುಗನಿಗೆ ಸರಿಸಮ ಇದ್ದೆ. ಆರನೇ ಲ್ಯಾಪಿನಿಂದ ಒಂದೂಕಾಲು ಸೆಕೆಂಡ್ ಹಿಂದೆ ಬಿದ್ದೆ. 'ವಯಸ್ಸಾಯ್ತು, ಸಾಕು ಬಿಡಿ' ಅನ್ನುತ್ತಾಳೆ ಹೆಂಡತಿ. ಮನೆ ಅಡವಿಟ್ಟಾದರೂ ಒಂದು ಸೀಸನ್ ಓಡಲೇ?

ಉತ್ತರ: ಮನೆ ಅಡವಿಡಬೇಡಿ. ಸೀಟನ್ನೂ ಈಗಲೇ ಬಿಡಬೇಡಿ.

ಕಣ್ಣು, ಕೈ ನಿಧಾನವಾಗಿದ್ದರೆ ಮೊದಲ ಲ್ಯಾಪಿನಲ್ಲೇ ಗೊತ್ತಾಗುತ್ತಿತ್ತು. ನೀವು ಹೇಳಿದ ಲಕ್ಷಣಕ್ಕೆ ಮೊದಲು ಅನುಮಾನಿಸಬೇಕಾದ್ದು ಮುಂದಿನ ಟೈರು. ಈ ಕಾರಿನಲ್ಲಿ ಬ್ರೇಕಿನ ಹೆಚ್ಚಿನ ಭಾರ, ತಿರುವು, ಎಂಜಿನ್ನಿನ ಎಳೆತ ಮೂರನ್ನೂ ಹೊರುವುದು ಆ ಎರಡೇ ಟೈರು. ಫಾರ್ಮುಲಾ ಕಾರಿನಲ್ಲಿ ತಿರುವಿನ ನಡುವೆ ಆಕ್ಸಿಲರೇಟರ್ ಒತ್ತಿ ಹಿಂಭಾಗವನ್ನು ತಿರುಗಿಸುವ ಅಭ್ಯಾಸ ನಿಮ್ಮ ಬಲಗಾಲಿನಲ್ಲಿ ಕೂತಿದೆ. ಇಲ್ಲಿ ಅದನ್ನೇ ಮಾಡಿದರೆ ಮೂತಿ ಹೊರಗೆ ಓಡುತ್ತದೆ, ನೀವು ಸ್ಟೀರಿಂಗ್ ಇನ್ನಷ್ಟು ತಿರುಗಿಸುತ್ತೀರಿ, ರಬ್ಬರ್ ಅತಿಯಾಗಿ ಬಿಸಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಪಿಟ್ಟಿಗೆ (ಟ್ರ್ಯಾಕಿನ ಪಕ್ಕ ತಂಡ ಕಾರು ನೋಡುವ ಜಾಗ) ಬಂದ ತಕ್ಷಣ ಮುಂದಿನ ಟೈರಿನ ಹೊರ ಅಂಚು ಮುಟ್ಟಿ ನೋಡಿ. ಎರೇಸರ್ ಉಜ್ಜಿದಾಗ ಬರುವಂಥ ಸುರುಳಿ ಚೂರುಗಳು ಅಲ್ಲಿದ್ದರೆ ಇದೇ ಕಾರಣ.

ಮುಂದಿನ ಟೆಸ್ಟಿನಲ್ಲಿ ಬ್ರೇಕನ್ನು ಒಮ್ಮೆಗೇ ಬಿಡದೆ ತಿರುವಿನ ಒಳತುದಿಯವರೆಗೂ ಸಣ್ಣಗೆ ಹಿಡಿದು ಒಯ್ಯಿರಿ. ಹಿಂಭಾಗ ಹಗುರಾಗಿ ತಾನೇ ತಿರುಗುತ್ತದೆ. ಸ್ಟೀರಿಂಗ್ ನೇರವಾಗಲು ಶುರುವಾದ ಮೇಲೆಯೇ ಆಕ್ಸಿಲರೇಟರ್. ಒಂದು ಎಚ್ಚರಿಕೆ: ಹಿಂದಿನ ಟೈರು ಬಿಸಿಯಾಗಲು ಎರಡು ಮೂರು ಲ್ಯಾಪ್ ಬೇಕು. ಅದಕ್ಕೆ ಮುಂಚೆ ಹೀಗೆ ಮಾಡಿದರೆ ಕಾರು ಗಿರ್ರನೆ ಸುತ್ತುತ್ತದೆ.

ಗಾಳಿಯನ್ನೂ ನೋಡಿ. ಬೆಳಿಗ್ಗೆ ತುಂಬಿದ 22 ಪಿಎಸ್‌ಐ, ಟೈರಿನ ಬಿಸಿ 10 ಡಿಗ್ರಿ ಏರಿದಂತೆಲ್ಲ ಸುಮಾರು ಒಂದೂಕಾಲು ಪಿಎಸ್‌ಐ ಏರುತ್ತದೆ. ಅದನ್ನು ಸರಿಪಡಿಸದೆ ಮಧ್ಯಾಹ್ನದ ಬಿಸಿಲಲ್ಲಿ ಹೊರಟರೆ ಬೇಕಾದ ಒತ್ತಡ ಮೀರಿಬಿಡಬಹುದು. ಟೈರಿನ ಒಳ, ನಡು, ಹೊರ ಮೂರೂ ಕಡೆ ಬಿಸಿ ಅಳೆಯುವ ಸೂಜಿ (ಪ್ರೋಬ್) ಚುಚ್ಚಿ ಬಿಸಿ ಬರೆಸಿಕೊಳ್ಳಿ. ನಡುಭಾಗವೇ ಹೆಚ್ಚು ಬಿಸಿಯಿದ್ದರೆ ಗಾಳಿ ಜಾಸ್ತಿಯಾಗಿದೆ ಎಂದರ್ಥ.

ವಯಸ್ಸು ನಿಜವಾಗಿ ಕೇಳುವುದು ಬೆವರಿನ ಲೆಕ್ಕ. ಮುಚ್ಚಿದ ಕಾರಿನೊಳಗೆ ಹೊರಗಿನದಕ್ಕಿಂತ ಸೆಕೆ ಬಹಳ ಹೆಚ್ಚು. ಸೆಷನ್ನಿನ ಮೊದಲು, ಆಮೇಲೆ ತೂಕ ನೋಡಿ. ಒಂದು ಕಿಲೋ ಇಳಿದರೆ ಒಂದು ಲೀಟರ್ ನೀರು ಹೋಯಿತೆಂದು ತಿಳಿಯಿರಿ. 75 ಕಿಲೋದ ಮನುಷ್ಯ ಒಂದೂವರೆ ಕಿಲೋ ಕಳೆದುಕೊಂಡರೆ ಗಮನ ಚದುರುತ್ತದೆ. ಟ್ರೆಡ್‌ಮಿಲ್ ಹೃದಯ ಪರೀಕ್ಷೆಯನ್ನೂ ಮಾಡಿಸಿಬಿಡಿ, ಮನೆಯವರಿಗೂ ಧೈರ್ಯ ಬರುತ್ತದೆ.

ಟೂರಿಂಗ್ ಕಾರೆಂದರೆ ಇಳಿದು ಬಂದ ಹಾಗೆ ಎಂಬ ಅಳುಕು ಬೇಡ. ಫಾರ್ಮುಲಾ ಒನ್‌ನಲ್ಲಿ ಒಂದೇ ಒಂದು ಪಾಯಿಂಟ್ ಪಡೆದಿದ್ದ ಗೇಬ್ರಿಯೆಲೆ ತಾರ್ಕ್ವಿನಿ, 2018ರಲ್ಲಿ ತಮ್ಮ 56ನೇ ವಯಸ್ಸಿನಲ್ಲಿ ಹ್ಯುಂಡೈ ಐ30 ಓಡಿಸಿ ಡಬ್ಲ್ಯುಟಿಸಿಆರ್ (ಟೂರಿಂಗ್ ಕಾರುಗಳ ವಿಶ್ವ ಕಪ್) ಚಾಂಪಿಯನ್ ಆದರು. ಮೂರು ಪಾಯಿಂಟಿನಿಂದ ಎರಡನೆಯವರಾದ ಇವಾನ್ ಮುಲ್ಲರ್‌ಗೂ ಆಗ 49.

ಇನ್ನು ದುಡ್ಡು. ಅಪಘಾತವಾದರೆ ರಿಪೇರಿಯಲ್ಲಿ ನಿಮ್ಮ ಪಾಲು ಎಷ್ಟಕ್ಕೆ ನಿಲ್ಲುತ್ತದೆ, ಎಂಜಿನ್ ಹೋದರೆ ಯಾರ ಖರ್ಚು, ರೇಸಿಗೆ ಎಷ್ಟು ಹೊಸ ಟೈರು, ಹುಡುಗನ ಕಾರಿನ ಡೇಟಾ (ಎಲ್ಲಿ ಎಷ್ಟು ವೇಗ, ಬ್ರೇಕ್ ಎಂಬ ದಾಖಲೆ) ನಿಮಗೂ ತೋರಿಸುತ್ತಾರೋ ಇಲ್ಲವೋ, ಎಲ್ಲವೂ ಕಾಗದದ ಮೇಲೆ ಬರಲಿ. ರಿಪೇರಿಗೆ ಮಿತಿ ಬರೆದುಕೊಡದ ತಂಡಕ್ಕೆ ಸಹಿ ಹಾಕಲೇಬೇಡಿ. ಒಂದು ಡಿಕ್ಕಿಗೆ ಸೀಸನ್ನಿನ ದುಡ್ಡೆಲ್ಲ ಹೋಗಬಹುದು. ಇಡೀ ಸೀಸನ್ ಬದಲು ಮೊದಲು ಎರಡು ಟೆಸ್ಟ್ ದಿನ ಮಾತ್ರ ಕೊಳ್ಳಿ, ಅದೂ ಉಳಿತಾಯದಿಂದ. ಹುಡುಗನ ಜೊತೆ ಒಂದೇ ವಯಸ್ಸಿನ ಟೈರಿನಲ್ಲಿ ಹತ್ತು ಲ್ಯಾಪ್ ಓಡಿ, ಕೊನೆಯ ಐದರ ಸರಾಸರಿ ನೋಡಿ. ಅಂತರ ಅರ್ಧ ಸೆಕೆಂಡಿನೊಳಗೆ ಬಂದರೆ ಮಾತು ಮುಂದುವರಿಸಿ. ಆ ಲ್ಯಾಪ್ ಸಮಯಗಳ ಹಾಳೆಯನ್ನು ಮೊದಲು ತೋರಿಸಬೇಕಾದ್ದು ನಿಮ್ಮ ಹೆಂಡತಿಗೆ, ರಿಪೇರಿಯ ಮಿತಿ ಬರೆದ ಕಾಗದದ ಜೊತೆಗೆ.