ಕಬ್ಬಿನ ಎಲೆ ಹಳದಿ ಆಗ್ತಿದ್ರೆ ಜೀನ್ ಸೀಕ್ವೆನ್ಸಿಂಗ್ ಮಾಡ್ಸಬೇಕಾ?

ನೀವು ಕೇಳಿರೋದು, ಮದ್ದೂರು ಹತ್ರ ಎರಡು ಎಕರೆ ಕಬ್ಬಿದೆ, ಆರು ತಿಂಗಳಾದ್ಮೇಲೆ ಎಲೆ ನಡುದಿಂಡು ಹಳದಿ ಆಗ್ತಿದೆ, ಸೀಕ್ವೆನ್ಸಿಂಗ್ (ಎಲೇಲಿರೋ ಡಿಎನ್‌ಎ, ಆರ್‌ಎನ್‌ಎ ಅಕ್ಷರಗಳನ್ನ ಓದೋ ಟೆಸ್ಟ್) ಮಾಡ್ಸಿದ್ರೆ ಯಾವ ವೈರಸ್ ಅಂತ ಗೊತ್ತಾಗತ್ತಂತೆ, ಮಾಡಿಸ್ಲಾ ಅಂತ. ಗೊತ್ತಂತೂ ಆಗತ್ತೆ. ಆದ್ರೆ ಈಗ ಗದ್ದೇಲಿ ನಿಂತಿರೋ ಕಬ್ಬಿಗೆ ಅದ್ರಿಂದ ಏನೂ ಆಗಲ್ಲ, ವೈರಸ್‌ಗೆ ಹೊಡೆಯೋಕೆ ಔಷಧಿ ಇಲ್ಲ. ಮುಂದಿನ ನಾಟಿಗೆ ಬಿತ್ತನೆ ಕಬ್ಬು ಎಲ್ಲಿಂದ ತರಬೇಕು ಅನ್ನೋದಕ್ಕೆ ಮಾತ್ರ ತುಂಬಾ ಉಪಯೋಗಕ್ಕೆ ಬರತ್ತೆ.

ನಾನು ಮೈಸೂರಲ್ಲಿ ಒಂದು ಲ್ಯಾಬಲ್ಲಿ ಈ ಸೀಕ್ವೆನ್ಸಿಂಗ್ ಡೇಟಾ ನೋಡೋ ಕೆಲ್ಸ ಮಾಡ್ತೀನಿ, ಊರು ಪಾಂಡವಪುರ ಕಡೆ. ನಮ್ಮ ಗದ್ದೇಲೂ ಹಿಂಗೇ ಆಗಿತ್ತು, ಗೊಬ್ಬರದ ಅಂಗಡೀಲಿ ಕಬ್ಬಿಣದ ಅಂಶ ಕಮ್ಮಿ ಅಂತ ಸ್ಪ್ರೇ ಕೊಟ್ರು, ಅಪ್ಪ ಅದನ್ನ ಹೊಡೆದ್ರು, ಮೇಲೆ ಒಂದ್ಸಲ ಯೂರಿಯಾ ಹಾಕಿದ್ರು, ಎಲೆ ಹಂಗೇ ಇತ್ತು. ಕೊನೆಗೆ ನಾನೇ ಎಲೆ ತಗೊಂಡೋಗಿ ನೋಡಿದ್ರೆ ಶುಗರ್‌ಕೇನ್ ಯೆಲ್ಲೋ ಲೀಫ್ ವೈರಸ್. ಅಷ್ಟೊತ್ತಿಗೆ ಅಪ್ಪ ಅದೇ ಕಬ್ಬನ್ನ ಚಿಕ್ಕಪ್ಪನಿಗೆ ಬಿತ್ತನೆಗೆ ಕೊಟ್ಟಾಗಿತ್ತು, ಅದು ಇವತ್ತಿಗೂ ಬೇಜಾರು ನಂಗೆ. ಈ ವೈರಸ್ ಗಿಡದ ಹೇನಿಂದ ಹರಡತ್ತೆ ನಿಜ, ಆದ್ರೆ ಊರಿಂದ ಊರಿಗೆ ಹೋಗೋದು ನಾವು ಕೊಡೋ ತುಂಡಿನ ಜೊತೇಲೇ.

ಪಿಸಿಆರ್‌ಗೂ (ಒಂದು ನಿರ್ದಿಷ್ಟ ವೈರಸ್ ಇದೆಯಾ ಅಂತ ನೋಡೋ ಟೆಸ್ಟ್) ಸೀಕ್ವೆನ್ಸಿಂಗ್‌ಗೂ ಏನು ವ್ಯತ್ಯಾಸ ಅಂದ್ರೆ, ಪಿಸಿಆರ್‌ಗೆ ಪ್ರೈಮರ್ ಬೇಕು (ಹುಡುಕೋ ವೈರಸ್‌ಗೆ ಹೊಂದೋ ಸಣ್ಣ ಡಿಎನ್‌ಎ ಚೂರು), ಅಂದ್ರೆ ಯಾವ ವೈರಸ್ ಹುಡುಕ್ತಿದೀವಿ ಅಂತ ಮೊದ್ಲೇ ಗೊತ್ತಿರಬೇಕು, ಆ ವೈರಸ್ ಇಲ್ಲ ಅಂದ್ರೆ ಇಲ್ಲ ಅನ್ನತ್ತೆ ಅಷ್ಟೆ, ಬೇರೆ ಏನಿದೆ ಅಂತ ಹೇಳಲ್ಲ. ಸೀಕ್ವೆನ್ಸಿಂಗಲ್ಲಿ ಎಲೇಲಿರೋದನ್ನೆಲ್ಲ ಓದಿ, ಕಬ್ಬಿಂದು ತೆಗೆದು, ಉಳಿದಿದ್ದನ್ನ ಗೊತ್ತಿರೋ ವೈರಸ್‌ಗಳ ಜೊತೆ ಹೋಲಿಸ್ತೀವಿ. ನಂಗೆ ಇದ್ರಲ್ಲಿ ತುಂಬಾ ಇಷ್ಟ ಆಗೋದು ಸ್ಮಾಲ್ ಆರ್‌ಎನ್‌ಎ ವಿಧಾನ. ಗಿಡಕ್ಕೆ ವೈರಸ್ ಬಂದಾಗ ಗಿಡ ಸುಮ್ನೆ ಇರಲ್ಲ, ವೈರಸ್ಸಿನ ಆರ್‌ಎನ್‌ಎನ 21ರಿಂದ 24 ಅಕ್ಷರದ ಚೂರುಗಳಾಗಿ ಕತ್ತರಿಸಿ ಹಾಕತ್ತೆ, ನಾವು ಆ ಚೂರುಗಳನ್ನೇ ಓದಿ ಒಂದರ ತುದಿ ಇನ್ನೊಂದರ ಜೊತೆ ಹೊಂದೋ ಕಡೆ ಜೋಡಿಸ್ತಾ ಹೋದ್ರೆ ವೈರಸ್ಸಿನ ಜೀನೋಮ್ (ಅದರ ಪೂರ್ತಿ ಆನುವಂಶಿಕ ಬರಹ) ವಾಪಸ್ ಸಿಗತ್ತೆ. ಗಿಡ ಯಾರ ಜೊತೆ ಹೋರಾಡ್ತಿದೆ ಅಂತ ಗಿಡಾನೇ ಹೇಳ್ದಂಗೆ. ಅಂಗೈಯಲ್ಲಿ ಹಿಡಿಯೋ ಮಿನಯಾನ್ ಅನ್ನೋ ಸೀಕ್ವೆನ್ಸಿಂಗ್ ಮಷೀನ್ ಕೂಡ ಇದೆ, ಪೂರ್ವ ಆಫ್ರಿಕಾದಲ್ಲಿ ಮರಗೆಣಸಿನ ವೈರಸ್ ಹುಡುಕೋಕೆ ಅದನ್ನ ಹೊಲದ ಹತ್ರಾನೇ ತಗೊಂಡೋಗಿ ಬಳಸಿದಾರೆ.

ಹಂಗಂತ ರಿಪೋರ್ಟಲ್ಲಿ ವೈರಸ್ ಹೆಸ್ರು ಬಂದ ತಕ್ಷಣ ರೋಗ ಅದ್ರಿಂದಾನೇ ಅಂತ ಅಲ್ಲ. ಬಾಳೇಲಿ ಸ್ಟ್ರೀಕ್ ವೈರಸ್ ಅಂತಿದೆ, ಬಿ ಜೀನೋಮ್ (ಮೂಸಾ ಬಾಲ್ಬಿಸಿಯಾನಾ ಅನ್ನೋ ಕಾಡು ಬಾಳೆಯಿಂದ ಬಂದ ಡಿಎನ್‌ಎ) ಇರೋ ತಳಿಗಳಲ್ಲಿ ಅದರ ತುಣುಕುಗಳು ಬಾಳೆಯ ಸ್ವಂತ ಡಿಎನ್‌ಎ ಒಳಗೇ ಸೇರ್ಕೊಂಡಿರಬಹುದು, ಗಿಡ ಆರೋಗ್ಯವಾಗಿದ್ರೂ ಟೆಸ್ಟಲ್ಲಿ ಕಾಣತ್ತೆ.

ನಿಮ್ಮ ವಿಷಯಕ್ಕೆ, ನೇರ ಸೀಕ್ವೆನ್ಸಿಂಗ್‌ಗೆ ದುಡ್ಡು ಹಾಕ್ಬೇಡಿ. ಲಕ್ಷಣ ಸ್ಪಷ್ಟ ಇದೆ, ಮೊದ್ಲು ಯೆಲ್ಲೋ ಲೀಫ್ ವೈರಸ್ ಒಂದಕ್ಕೆ ಪಿಸಿಆರ್ ಸಾಕು, ನೆಗೆಟಿವ್ ಬಂದು ಹಳದಿ ಹಂಗೇ ಇದ್ರೆ ಆಗ ಯೋಚ್ನೆ ಮಾಡಿ. ಮಂಡ್ಯದ ವಿ.ಸಿ. ಫಾರಂಗೆ (ಕೃಷಿ ಸಂಶೋಧನಾ ಕೇಂದ್ರ) ಹೋಗಿ ಕಬ್ಬಿನ ವಿಜ್ಞಾನಿಗಳನ್ನ ಕೇಳಿ. ಎಲೆ ಕೊಡುವಾಗ ನಡುದಿಂಡು ಸಮೇತ ಕೊಡಿ, ಐಸ್ ಮೇಲಿಟ್ಟು ಅವತ್ತೇ ತಲುಪ್ಸಿ, ಇದು ಆರ್‌ಎನ್‌ಎ ವೈರಸ್, ಬಿಸಿಲಲ್ಲಿ ಪ್ಲಾಸ್ಟಿಕ್ ಕವರಲ್ಲಿಟ್ರೆ ಆರ್‌ಎನ್‌ಎ ಹಾಳಾಗಿ ಏನೂ ಸಿಗಲ್ಲ. ರಿಸಲ್ಟ್ ಬರೋವರೆಗೆ ಆ ಗದ್ದೆ ಕಬ್ಬನ್ನ ಯಾರಿಗೂ ಬಿತ್ತನೆಗೆ ಕೊಡ್ಬೇಡಿ, ಕೂಳೆನೂ ಬಿಡ್ಬೇಡಿ, ಕೂಳೇಲಿ ಇನ್ನೂ ಜಾಸ್ತಿ ಆಗತ್ತೆ. ಬಿಸಿನೀರಲ್ಲಿ ತುಂಡು ಅದ್ದಿದ್ರೆ ಹೋಗತ್ತೆ ಅಂತ ಕೆಲವರು ಹೇಳ್ತಾರೆ, ಈ ವೈರಸ್ ಅದಕ್ಕೆಲ್ಲ ಹೋಗಲ್ಲ, ಕುಡಿ ತುದಿಯಿಂದ ಮಾಡಿ ಟೆಸ್ಟ್ ಆಗಿರೋ ಟಿಶ್ಯೂ ಕಲ್ಚರ್ ಸಸಿನೇ ತರಬೇಕು.

ಎಲೆ ಅಡಿಭಾಗದ ಫೋಟೋ ಇದ್ರೆ ಹಾಕಿ, ಹಳದಿ ಮೊದ್ಲು ಕಾಣೋದು ಅಲ್ಲೇ.