ಪ್ರತಿಕ್ರಿಯೆ: ಸಿಮೆಂಟ್ ಕಾರ್ಖಾನೆಯಿಂದ ಹಿಂದಿರುಗುತ್ತಿರುವ ಪುರಸಭೆಯ ಒಣಕಸ
ಇಂಧನವಾಗಿ ಉರಿಸಲೆಂದು ನಿಮ್ಮ ಪುರಸಭೆ ಕಳುಹಿಸುವ, ಮರುಬಳಕೆಗೆ ಬಾರದ ಒಣಕಸವನ್ನು ಸಿಮೆಂಟ್ ಕಾರ್ಖಾನೆಯು ಮಳೆಗಾಲದಲ್ಲಿ ಮಾತ್ರ ಹಿಂದಿರುಗಿಸುತ್ತಿದೆಯೆಂದರೆ ಕಾರಣ ಬಹುಶಃ ತೇವಾಂಶ. ಆದರೆ ಪಿವಿಸಿ ಎಂಬ ಪ್ಲಾಸ್ಟಿಕ್ಕಿನಿಂದ ಬರುವ ಕ್ಲೋರಿನ್ ಕೂಡ ಸೇರಿರಬಹುದಾದ್ದರಿಂದ, ಮೊದಲು ತಿರಸ್ಕೃತ ಲೋಡಿನ ಪರೀಕ್ಷಾ ವರದಿಯನ್ನು ಕಾರ್ಖಾನೆಯಿಂದಲೇ ಕೇಳಿ ಪಡೆಯಿರಿ. ತೇವವೇ ಕಾರಣವಾಗಿದ್ದರೆ ಕಸವನ್ನು ಚಾವಣಿಯಡಿ ಹರಡಿ ಒಣಗಿಸಿ, ಜರಡಿಯಿಂದ ಮಣ್ಣು ಬೇರ್ಪಡಿಸಿದ ಮೇಲೆಯೇ ಬೇಲ್ (ಒತ್ತಿ ಕಟ್ಟಿದ ಕಟ್ಟು) ಕಟ್ಟಿಸಿ. ಕ್ಲೋರಿನ್ ಹೆಚ್ಚಿದ್ದರೆ ಪೈಪು, ರೆಕ್ಸಿನ್, ಫ್ಲೆಕ್ಸ್ ಬ್ಯಾನರುಗಳನ್ನು ವಿಂಗಡಣೆಯ ಹಂತದಲ್ಲೇ ತೆಗೆಸಿ, ಏಕೆಂದರೆ ಕ್ಲೋರಿನ್ನಿನ ಲವಣಗಳು ಪ್ರೀಹೀಟರಿನ (ಕಚ್ಚಾವಸ್ತುವನ್ನು ಕುಲುಮೆಗೆ ಹಾಕುವ ಮೊದಲು ಬಿಸಿ ಮಾಡುವ ಗೋಪುರ) ಒಳಗೋಡೆಗೆ ಗಟ್ಟಿಯಾಗಿ ಅಂಟಿಕೊಂಡು ಉತ್ಪಾದನೆಯನ್ನೇ ನಿಲ್ಲಿಸಬಲ್ಲವು. ಈ ವಿಷಯದಲ್ಲಿ ಕಾರ್ಖಾನೆಯವರ ಹಠ ನ್ಯಾಯವಾದದ್ದೇ. ಕಸದಿಂದ ಇಂಧನ ತಯಾರಿಸುವ ಘಟಕದ 100 ಕಿ.ಮೀ. ಒಳಗಿನ, ಇಂಧನ ಬಳಸುವ ಕೈಗಾರಿಕೆಗಳು ಕನಿಷ್ಠ 5 ಪ್ರತಿಶತ ಇಂಧನವನ್ನು ಇಂತಹ ಕಸದಿಂದ ಪಡೆಯಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ಹಿಂದೆ ವಿಧಿಸಿದ್ದವು; ಆದರೆ ಅಂತಹ ನಿಯಮದ ಬಲದಿಂದ ಒದ್ದೆ ಲೋಡನ್ನು ಒಪ್ಪಿಸಲಾಗದು. ತೇವಾಂಶ, ಕ್ಲೋರಿನ್, ಬೂದಿಯ ಮಿತಿಗಳನ್ನೂ, ತಿರಸ್ಕೃತ ಲೋಡಿನ ಸಾಗಣೆ ವೆಚ್ಚ ಯಾರದೆಂಬುದನ್ನೂ ಒಪ್ಪಂದದಲ್ಲಿಯೇ ಬರೆಸಿಕೊಳ್ಳಿ.