‘ಟ್ಯಾಕ್ಸ್ ನೆಗೆಟಿವ್’ ಅಂದರೆ ವೈರಸ್ ಸೋತಿತೆಂದಲ್ಲ

ಓದುಗರ ಪತ್ರ: ನಾನಿರುವುದು ನಾಗಸಾಕಿಯಲ್ಲಿ, ಹೆಂಡತಿ ಅಲ್ಲಿಯವಳೇ. ಅತ್ತೆಯವರಿಗೆ ಎಚ್‌ಟಿಎಲ್‌ವಿ-1 ವೈರಸ್ಸಿನಿಂದ ಬರುವ ಎಟಿಎಲ್ ರಕ್ತಕ್ಯಾನ್ಸರ್, ಕ್ರಾನಿಕ್ (ನಿಧಾನವಾಗಿ ಬೆಳೆಯುವ) ಬಗೆ. ಪ್ರೊವೈರಲ್ ಲೋಡ್, ಅಂದರೆ 100 ಬಿಳಿ ರಕ್ತಕಣಗಳಿಗೆ ಸಿಕ್ಕ ವೈರಸ್ ಡಿಎನ್‌ಎಯ ಪ್ರತಿಗಳು, 38. ಅದು 4 ದಾಟಿದರೆ ಅಪಾಯವೆಂದು ಓದಿ ಗಾಬರಿಯಾಗಿದೆ. ಆದರೆ ಟ್ಯಾಕ್ಸ್ ಎಂಬ ವೈರಸ್ ಪ್ರೋಟೀನಿನ ಪರೀಕ್ಷೆ ನೆಗೆಟಿವ್ ಬಂದಿದೆ. ಧೈರ್ಯ ತಂದುಕೊಳ್ಳಬಹುದೇ?

ಸಂಪಾದಕರ ಉತ್ತರ: ಟ್ಯಾಕ್ಸ್ ಇಲ್ಲವೆಂದು ನೆಮ್ಮದಿಪಡಬೇಡಿ, 38 ಎಂದು ಕಂಗೆಡಲೂ ಬೇಡಿ. ಅತ್ತೆಯವರ ಮುಂದಿನ ದಾರಿಯನ್ನು ಹೇಳುವ ಅಂಕಿಗಳು ಅದೇ ವರದಿಯ ಬೇರೆ ಸಾಲುಗಳಲ್ಲಿವೆ.

ಟ್ಯಾಕ್ಸ್ ವೈರಸ್ಸಿನದೇ ಪ್ರೋಟೀನು. ಸೋಂಕು ತಗುಲಿದ ಟಿ-ಕಣವನ್ನು (ಒಂದು ಬಗೆಯ ಬಿಳಿ ರಕ್ತಕಣ) ಮೊದಮೊದಲು ಹೆಚ್ಚಿಸುವುದು ಅದೇ. ದೇಹದ ಕಾವಲು ಕಣಗಳು ಗುರುತು ಹಿಡಿದು ಕೊಲ್ಲುವುದೂ ಅದನ್ನು ನೋಡಿಯೇ. ಹಾಗಾಗಿ ವರ್ಷಗಟ್ಟಲೆ ಉಳಿಯುವುದು ಟ್ಯಾಕ್ಸನ್ನು ಅಡಗಿಸಿಟ್ಟ ಕಣ. ಎಟಿಎಲ್‌ನಲ್ಲಿ ಸುಮಾರು 60% ರೋಗಿಗಳ ಕ್ಯಾನ್ಸರ್ ಕಣಗಳು ಟ್ಯಾಕ್ಸ್ ತಯಾರಿಸುವುದನ್ನೇ ಬಿಟ್ಟಿರುತ್ತವೆ: ವೈರಸ್ಸಿನ ಡಿಎನ್‌ಎಯ ಮುಂದಿನ ತುದಿ ಕಳಚಿರುತ್ತದೆ, ಮೆಥಿಲೀಕರಣದಿಂದ (ಡಿಎನ್‌ಎಗೆ ಅಂಟುವ ರಾಸಾಯನಿಕ ಗುರುತಿನಿಂದ) ಮುಚ್ಚಿಹೋಗಿರುತ್ತದೆ, ಇಲ್ಲವೇ ಆ ಜೀನೇ ಕೆಟ್ಟಿರುತ್ತದೆ. ಹಿಂದಿನ ತುದಿಯಿಂದ ವಿರುದ್ಧ ದಿಕ್ಕಿನಲ್ಲಿ ಓದಲ್ಪಡುವ ವೈರಸ್ಸಿನ ಇನ್ನೊಂದು ಜೀನು ಎಚ್‌ಬಿಝೆಡ್ ಮಾತ್ರ ಉಳಿದುಕೊಂಡು ಕಣವನ್ನು ಬೆಳೆಸುತ್ತಲೇ ಇರುತ್ತದೆ. ನೆಗೆಟಿವ್ ಎಂಬುದು ಕಾವಲು ತಪ್ಪಿಸಿಕೊಂಡ ಗುರುತಾಗಿರಬಹುದು.

ನೀವು ಓದಿದ 4 ಎಂಬ ಗೆರೆ ರೋಗಿಗಳದ್ದಲ್ಲ. ಜಪಾನಿನಲ್ಲಿ ರೋಗವಿಲ್ಲದ 1,218 ಸೋಂಕಿತರನ್ನು ಹಿಂಬಾಲಿಸಿ ನೋಡಿದಾಗ 14 ಮಂದಿಗೆ ಎಟಿಎಲ್ ಬಂತು. ಅಷ್ಟೂ ಮಂದಿಗೆ ಮೊದಲೇ 100 ಬಿಳಿ ರಕ್ತಕಣಗಳಿಗೆ 4ಕ್ಕಿಂತ ಹೆಚ್ಚು ಪ್ರತಿಗಳಿದ್ದವು. ಕ್ಯಾನ್ಸರ್ ಬಂದ ಮೇಲೆ ಲೋಡ್ ಬಹುಮಟ್ಟಿಗೆ ರಕ್ತದಲ್ಲಿರುವ ಕ್ಯಾನ್ಸರ್ ಕಣಗಳ ಎಣಿಕೆ. ಮರುಪರೀಕ್ಷೆಯನ್ನು ಅದೇ ಪ್ರಯೋಗಾಲಯದಲ್ಲೇ ಮಾಡಿಸಿ. ವಿಧಾನ ಬೇರೆಯಾದರೆ ಅಂಕಿಗಳನ್ನು ಹೋಲಿಸಲಾಗದು.

ಆಯುಸ್ಸಿನ ಅಂದಾಜು ನಿಂತಿರುವುದು ರೋಗದ ಬಗೆಯ ಮೇಲೆ. 2015ರಲ್ಲಿ ಪ್ರಕಟವಾದ ಜಪಾನಿನ ಲೆಕ್ಕದಂತೆ ಅರ್ಧದಷ್ಟು ರೋಗಿಗಳು ಬದುಕಿದ ಅವಧಿ ಅಕ್ಯೂಟ್ (ವೇಗವಾಗಿ ಬೆಳೆಯುವ) ಬಗೆಯಲ್ಲಿ 8.3 ತಿಂಗಳು, ಲಿಂಫೋಮಾದಲ್ಲಿ (ದುಗ್ಧಗ್ರಂಥಿಗಳಲ್ಲಿ ಗಂಟಾಗುವ ಬಗೆ) 10.6, ಕ್ರಾನಿಕ್‌ನಲ್ಲಿ 31.5, ಸ್ಮೋಲ್ಡರಿಂಗ್‌ನಲ್ಲಿ (ಎಲ್ಲಕ್ಕಿಂತ ನಿಧಾನದ ಬಗೆ) 55. ಕ್ರಾನಿಕ್‌ನಲ್ಲೂ ಎರಡು ಪಂಗಡ. ಆಲ್ಬುಮಿನ್ (ರಕ್ತದ ಒಂದು ಪ್ರೋಟೀನು) ಕಡಿಮೆ, ಎಲ್‌ಡಿಎಚ್ (ಕಣಗಳೊಳಗಿನ ಒಂದು ಕಿಣ್ವ) ಹೆಚ್ಚು, ರಕ್ತದ ಯೂರಿಯಾ ನೈಟ್ರೋಜನ್ ಹೆಚ್ಚು: ಈ ಮೂರರಲ್ಲಿ ಒಂದಿದ್ದರೂ ಅದು ಪ್ರತಿಕೂಲ ಪಂಗಡ, ಚಿಕಿತ್ಸೆ ಅಕ್ಯೂಟ್ ಬಗೆಯಂತೆಯೇ. ವೈದ್ಯರನ್ನು ಮೊದಲು ಕೇಳಬೇಕಾದ್ದು ಇದನ್ನೇ.

ಎಟಿಎಲ್ ಉಲ್ಬಣಿಸಿದಾಗ ರಕ್ತದ ಕ್ಯಾಲ್ಸಿಯಂ ಏರಬಹುದು. ಅದನ್ನು ನೋಡುವಾಗ ಹಲವರು ಎಡವುತ್ತಾರೆ. ಆಲ್ಬುಮಿನ್ 4 ಗ್ರಾಂಗಿಂತ ಎಷ್ಟು ಕಡಿಮೆಯೋ ಅದನ್ನು 0.8ರಿಂದ ಗುಣಿಸಿ ಕ್ಯಾಲ್ಸಿಯಂ ಅಂಕಿಗೆ ಕೂಡಿಸಬೇಕು. ಕ್ಯಾಲ್ಸಿಯಂ 9.8, ಆಲ್ಬುಮಿನ್ 2.5 ಇದ್ದರೆ ನಿಜವಾದ ಅಂಕಿ 11. ಕ್ರಾನಿಕ್ ಎನಿಸಿಕೊಳ್ಳಲು ಇರುವ ಮೇಲ್ಮಿತಿಯೂ ಸುಮಾರು ಅಷ್ಟೇ. ಬಾಯಾರಿಕೆ, ಮಲಬದ್ಧತೆ, ಮಂಕು ಕಂಡರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಆ 4ರ ಗೆರೆ ನಿಮ್ಮ ಮನೆಯಲ್ಲಿ ಅನ್ವಯಿಸುವುದಾದರೆ ಅದು ನಿಮ್ಮ ಹೆಂಡತಿಗೆ. ತಾಯಿಯಿಂದ ಮಗುವಿಗೆ ಈ ವೈರಸ್ ಮುಖ್ಯವಾಗಿ ಎದೆಹಾಲಿನ ಮೂಲಕ ದಾಟುತ್ತದೆ. ಸೋಂಕಿತ ತಾಯಿಯ ಹಾಲನ್ನು ಹೆಚ್ಚು ಕಾಲ ಕುಡಿದವರಲ್ಲಿ ಸುಮಾರು ಐವರಲ್ಲೊಬ್ಬರಿಗೆ. ಮೊದಲು ಪ್ರತಿಕಾಯ ಪರೀಕ್ಷೆ, ಪಾಸಿಟಿವ್ ಬಂದರೆ ಖಚಿತಪಡಿಸುವ ಪರೀಕ್ಷೆ, ಆಮೇಲಷ್ಟೇ ಲೋಡ್. ಜಪಾನಿನಲ್ಲಿ ಬಸುರಿಯರಿಗೆ ಈ ಪರೀಕ್ಷೆ ಮಾಡುತ್ತಾರೆ, ಆಗಲೇ ಆಗಿದ್ದರೆ ಹಳೆಯ ಕಡತ ತೆಗೆದು ನೋಡಿ.